ಹೊಡೆದ ತಾಯಿಯ ಕಣ್ಣಿಗೆ ಮಗು ಹೇಗೆ ಕಾಣುತ್ತದೆ? ಪದೇ ಪದೇ ಕೇಳುವ ಪ್ರಶ್ನೆಗಳು

ನನ್ನ ಬಾಲ್ಯದ ಬಗ್ಗೆ ಬಾಯಿಬಿಟ್ಟು ಹೇಳಲು ಶುರು ಮಾಡಿದ ಮೇಲೆ ಜನ ನನ್ನನ್ನು ಕೇಳುತ್ತಲೇ ಇದ್ದಾರೆ. ಮದುವೆ ಮನೆಯಲ್ಲಿ ಕೈ ತೊಳೆಯುವ ಜಾಗದಲ್ಲಿ ಕೇಳಿದವರಿದ್ದಾರೆ, ರಾತ್ರಿ ಹನ್ನೊಂದಕ್ಕೆ ಮೆಸೇಜ್ ಮಾಡಿದವರಿದ್ದಾರೆ, ನಾಲ್ಕು ಪುಟದ ಪತ್ರ ಬರೆದವರೂ ಇದ್ದಾರೆ. ಅವರ ಮಾತನ್ನು ಹೆಚ್ಚುಕಮ್ಮಿ ಹಾಗೇ ಇಟ್ಟು, ಗುರುತು ಸಿಗುವಂಥದ್ದನ್ನು ಮಾತ್ರ ತೆಗೆದಿದ್ದೇನೆ. ನಾನು ಡಾಕ್ಟರ್ ಅಲ್ಲ. ಅಂಥ ಮನೆಯಲ್ಲಿ ಬೆಳೆದವಳು, ಆಮೇಲೆ ಸಿಕ್ಕಿದ್ದನ್ನೆಲ್ಲ ಓದಿದವಳು.

## ಮೊದಮೊದಲು ಕೇಳುವುದು

ಎಲ್ಲರ ಮನೇಲೂ ಅಮ್ಮಂದಿರು ಹೊಡೀತಾರೆ. ನಮ್ಮನೇದು ಮಾತ್ರ ದೌರ್ಜನ್ಯ ಅಂತ ಹೇಗೆ ಹೇಳೋದು?

ಎಲ್ಲರ ಮನೆಯಲ್ಲೂ ಹೊಡೆಯುತ್ತಾರೆ ಅನ್ನುವುದು ಹೆಚ್ಚುಕಮ್ಮಿ ನಿಜ. 2007ರಲ್ಲಿ ಕೇಂದ್ರದ ಮಹಿಳಾ ಮತ್ತು ಮಕ್ಕಳ ಅಭಿವೃದ್ಧಿ ಸಚಿವಾಲಯ 13 ರಾಜ್ಯಗಳಲ್ಲಿ 12,447 ಮಕ್ಕಳನ್ನು ಮಾತಾಡಿಸಿ ವರದಿ ತಂದಿತು. ಮೂವರಲ್ಲಿ ಇಬ್ಬರು ಏಟು ತಿಂದವರು. ಮನೆಯೊಳಗೆ ಏಟು ತಿಂದ ಮಕ್ಕಳಲ್ಲಿ 88.6% ಮಕ್ಕಳಿಗೆ ಹೊಡೆದದ್ದು ಹೆತ್ತವರೇ. ಆ ಪಟ್ಟಿಯಲ್ಲಿ ಕರ್ನಾಟಕ ಇರಲಿಲ್ಲ. ಆದರೆ ನಮ್ಮ ಕಡೆ ಬೇರೆ ಥರ ಇದೆ ಅಂತ ನನಗಂತೂ ಅನಿಸಿಲ್ಲ.

ಎಲ್ಲರೂ ಮಾಡುತ್ತಾರೆ ಅಂದ ಮಾತ್ರಕ್ಕೆ ನೋವು ಕಡಿಮೆಯಾಗುವುದಿಲ್ಲ ಅಲ್ವಾ? ನಾನು ಕೇಳುವವರಿಗೆ ಎರಡೇ ಪ್ರಶ್ನೆ ಹಾಕುತ್ತೇನೆ. ಯಾವುದಕ್ಕೆ ಏಟು ಬೀಳುತ್ತೆ ಅಂತ ನಿಮಗೆ ಮೊದಲೇ ಗೊತ್ತಾಗುತ್ತಿತ್ತಾ, ಅಥವಾ ಗೇಟಿನ ಸದ್ದು, ಪಾತ್ರೆ ಕುಕ್ಕುವ ಸದ್ದು ಕೇಳಿ ಇವತ್ತು ಹೇಗೋ ಏನೋ ಅಂತ ಅಂದಾಜು ಮಾಡಬೇಕಿತ್ತಾ? ಏಟಿನ ಗುರುತನ್ನು ಶಾಲೆಯಲ್ಲಿ ಮುಚ್ಚಿಡಬೇಕಿತ್ತಾ? ಕೈಯೇ ಎತ್ತದೆ "ನೀನು ಹುಟ್ಟಿದಾಗಲೇ ಸಾಯಬಾರದಿತ್ತಾ" ಅಂತ ದಿನಾ ಹೇಳುವುದೂ ಇದರಲ್ಲೇ ಸೇರುತ್ತದೆ. 2015ರ ಬಾಲನ್ಯಾಯ ಕಾಯ್ದೆಯ 75ನೇ ಸೆಕ್ಷನ್ ಪ್ರಕಾರ ಮಗುವನ್ನು ನೋಡಿಕೊಳ್ಳುವ ಹೊಣೆ ಇರುವವರೇ ಅದಕ್ಕೆ ಕ್ರೌರ್ಯ ಮಾಡಿದರೆ ಮೂರು ವರ್ಷದವರೆಗೆ ಜೈಲು, ಒಂದು ಲಕ್ಷ ದಂಡ, ಅಥವಾ ಎರಡೂ ಆಗಬಹುದು. ದೇಹಕ್ಕೆ ಮಾತ್ರವಲ್ಲ, ಮನಸ್ಸಿಗೆ ಕೊಡುವ ಹಿಂಸೆಯನ್ನೂ ಆ ಸೆಕ್ಷನ್ ಹೇಳುತ್ತದೆ.

ಅಷ್ಟು ಚಿಕ್ಕ ಮಗು ಬೇಕಂತ ಏನು ಮಾಡೀತು? ಅದು ಅಮ್ಮಂಗೆ ಯಾಕೆ ಗೊತ್ತಾಗ್ತಿರಲಿಲ್ಲ?

ಎಲ್ಲಕ್ಕಿಂತ ಮುಖ್ಯವಾದ ಪ್ರಶ್ನೆ ಇದೇ, ಅದಕ್ಕೆ ಸ್ವಲ್ಪ ಉದ್ದಕ್ಕೆ ಹೇಳುತ್ತೇನೆ.

ನನಗೆ ಏಳು ವರ್ಷ. ಅಮ್ಮ ಸ್ಟವ್ ಮೇಲೆ ಹಾಲಿಟ್ಟು "ನೋಡ್ಕೋ" ಅಂತ ಹೇಳಿ ಹಿತ್ತಲಿಗೆ ಹೋಗಿದ್ದಳು. ನಾನು ಕಿಟಕಿಯಲ್ಲಿ ಗುಬ್ಬಿ ನೋಡುತ್ತಾ ನಿಂತೆ. ಹಾಲು ಉಕ್ಕಿ ಕಟ್ಟೆಯಿಂದ ನೆಲಕ್ಕೆ ಸುರಿಯಿತು. ಓಡಿ ಬಂದವಳ ಮೊದಲ ಮಾತು: "ಬೇಕಂತಲೇ ಬಿಟ್ಟೆ ಅಲ್ವಾ? ನಿಮ್ಮಜ್ಜಿ ಹತ್ರ ನನ್ನನ್ನ ಬೈಸ್ಬೇಕು ಅಂತ!" ಆಮೇಲೆ ಒಗ್ಗರಣೆ ಸೌಟು ಕಾಯಿಸಿ ನನ್ನ ಎಡಗಾಲಿನ ಮೀನಖಂಡಕ್ಕೆ ಬರೆ ಎಳೆದಳು.

ಬರೆಯನ್ನು ಒಂದು ನಿಮಿಷ ಪಕ್ಕಕ್ಕಿಟ್ಟು ಆ ಮಾತನ್ನು ನೋಡಿ. ಅವಳ ಕಣ್ಣಿಗೆ ಅಲ್ಲಿ ಗುಬ್ಬಿ ನೋಡಿ ಮೈಮರೆತ ಮಗು ಇರಲಿಲ್ಲ. ಅತ್ತೆಯ ಜೊತೆ ಸೇರಿ ಪಿತೂರಿ ಮಾಡುವ ಒಬ್ಬ ದೊಡ್ಡ ಮನುಷ್ಯಳು ನಿಂತಿದ್ದಳು. ಮಕ್ಕಳಿಗೆ ಹೊಡೆಯುವ ಹೆತ್ತವರ ಮನಸ್ಸನ್ನು ವರ್ಷಗಟ್ಟಲೆ ಅಧ್ಯಯನ ಮಾಡಿದ ಅಮೆರಿಕದ ಜೋಯೆಲ್ ಮಿಲ್ನರ್ ಹೇಳುವುದೂ ಇದನ್ನೇ. ಕೈ ಎತ್ತುವ ಮೊದಲೇ ಇವರ ನೋಟ ದಾರಿ ತಪ್ಪಿರುತ್ತದೆ. ಮಗು ಮಾಡಿದ ಸಣ್ಣ ತಪ್ಪೂ ಇವರಿಗೆ ಬೇಕಂತ ಮಾಡಿದ್ದಾಗಿ, ತಮ್ಮ ಮೇಲಿನ ಹಗೆಯಾಗಿ ಕಾಣುತ್ತದೆ. ನಿದ್ದೆಗೆಟ್ಟಿತ್ತು, ಜ್ವರ ಇತ್ತು, ಇನ್ನೂ ಚಿಕ್ಕದು ಅನ್ನುವ ಕಾರಣಗಳು ಕಣ್ಣಿಗೆ ಬೀಳುವುದೇ ಇಲ್ಲ.

1980ರಲ್ಲಿ ಆನ್ ಫ್ರೋಡಿ, ಮೈಕೆಲ್ ಲ್ಯಾಂಬ್ ಅನ್ನುವವರು ಮಕ್ಕಳಿಗೆ ಹಿಂಸೆ ಕೊಟ್ಟಿದ್ದ ತಾಯಂದಿರಿಗೆ ಅಳುವ ಕೂಸಿನ ವಿಡಿಯೋ, ನಗುವ ಕೂಸಿನ ವಿಡಿಯೋ ತೋರಿಸಿ ಎದೆಬಡಿತ ಅಳೆದರು. ಬೇರೆ ತಾಯಂದಿರಿಗಿಂತ ಇವರಿಗೆ ಅಳು ಹೆಚ್ಚು ಕಿರಿಕಿರಿ ಮಾಡಿತು, ಅದು ಊಹಿಸಬಹುದಾದದ್ದೇ. ನನ್ನನ್ನು ತಡೆದು ನಿಲ್ಲಿಸಿದ್ದು ಇನ್ನೊಂದು: ಕೂಸು ನಕ್ಕಾಗಲೂ ಅವರ ಮೈ ಅತ್ತಾಗ ಆದಂತೆಯೇ ಬಿಗಿಯಾಗಿತ್ತು. ಇದನ್ನು ಓದಿದ ದಿನ ನಾನು ತುಂಬಾ ಹೊತ್ತು ಸುಮ್ನೆ ಕೂತಿದ್ದೆ. ಅಮ್ಮನನ್ನು ನಗಿಸಲು ನಾನು ಮಾಡಿದ್ದ ಸರ್ಕಸ್ಸೆಲ್ಲ ನೆನಪಾಯಿತು.

ಮನೇಲಿ ಎಲ್ಲಾ ಅಧಿಕಾರ ಅವರದ್ದೇ. ಆದ್ರೂ "ನಿನ್ನಿಂದ ನನಗೆ ಸಾಕಾಗಿದೆ, ನೀನೇ ನನ್ನ ಆಡಿಸ್ತಿದೀಯ" ಅಂತಿದ್ರು. ಇದೇನಿದು?

ಅವರು ಅದನ್ನು ನಿಜ ಅಂತಲೇ ನಂಬಿ ಹೇಳಿರಬಹುದು. ಡ್ಯಾಫ್ನಿ ಬ್ಯೂಗೆಂಟಲ್ ಅನ್ನುವ ಮನಶ್ಶಾಸ್ತ್ರಜ್ಞೆ ಕಂಡುಕೊಂಡದ್ದು ಇದು: ನನಗಿಂತ ಮಗುವಿನ ಕೈಯೇ ಮೇಲು ಅಂತ ಅಂದುಕೊಂಡ ತಾಯಿ ಹೆಚ್ಚು ಒರಟಾಗಿ ನಡೆದುಕೊಳ್ಳುತ್ತಾಳೆ. ಗಂಡನ ಮುಂದೆ ಮಾತಿಲ್ಲ, ಅತ್ತೆಯ ಮುಂದೆ ಮಾತಿಲ್ಲ, ಕೈಯಲ್ಲಿ ದುಡ್ಡಿಲ್ಲ. ಅಂಥವಳ ಮುಂದೆ ಮಗುವೂ "ಊಟ ಬೇಡ" ಅಂದರೆ ಅದು ಅವಳಿಗೆ ಊಟದ ಮಾತಾಗಿ ಕೇಳುವುದಿಲ್ಲ, ಇವನಿಗೂ ನಾನು ಲೆಕ್ಕಕ್ಕಿಲ್ಲ ಅಂತ ಕೇಳುತ್ತದೆ. ಅತ್ತೆ ಮೇಲಿನ ಕೋಪ ಕೊತ್ತಿ ಮೇಲೆ ಅಂತ ಗಾದೆ ಇದೆಯಲ್ಲ, ಎಷ್ಟೋ ಮನೆಗಳಲ್ಲಿ ಆ ಕೊತ್ತಿ ಮಕ್ಕಳೇ. ಇದರಿಂದ ಅವರ ತಪ್ಪು ಕಮ್ಮಿಯಾಗುವುದಿಲ್ಲ. ಮೂರು ಅಡಿ ಎತ್ತರದ ನೀವು ಅವರನ್ನು ಆಡಿಸುತ್ತಿರಲಿಲ್ಲ ಅನ್ನುವುದಂತೂ ಖಂಡಿತ.

ನಾವು ಮೂರು ಜನ ಮಕ್ಕಳು. ನಂಗೆ ಮಾತ್ರ ಯಾಕೆ?

ತಾಯಿ ಒಂದು ಮಗುವಿನ ಮುಖದಲ್ಲಿ ಇನ್ಯಾರನ್ನೋ ನೋಡುತ್ತಿರುತ್ತಾಳೆ. "ಥೇಟ್ ಅವರಪ್ಪನ ಬುದ್ಧಿ", "ಅದೇ ನಾದಿನಿ ನಡಿಗೆ" ಅನ್ನುವ ಮಾತು ನಿಮ್ಮ ಮನೆಯಲ್ಲಿ ಎಷ್ಟು ಸಲ ಬಂತು, ಯಾರ ಬಗ್ಗೆ ಬಂತು ಅಂತ ನೆನಪು ಮಾಡಿಕೊಳ್ಳಿ. ಮಗು ಹುಟ್ಟಿದ ಸಮಯವೂ ಲೆಕ್ಕಕ್ಕೆ ಬರುತ್ತದೆ: ಅದು ಹೊಟ್ಟೆಯಲ್ಲಿದ್ದಾಗ ಗಂಡನ ಕೆಲಸ ಹೋಗಿರಬಹುದು, ತವರಲ್ಲಿ ಸಾವಾಗಿರಬಹುದು. ಮೂಲಾ ನಕ್ಷತ್ರ, ಕಾಲ್ಗುಣ ಅಂತ ಯಾರೋ ಒಂದು ಮಾತು ಆಡಿದರೆ ಸಾಕು, ಆ ಮಗು ಜೀವನಪೂರ್ತಿ ಅದನ್ನು ಹೊರಬೇಕು. ಇನ್ನು ಹೆಣ್ಣಾಗಿ ಹುಟ್ಟಿದ್ದೇ ತಪ್ಪಾದ ಮನೆಗಳು. ಮೇಲೆ ಹೇಳಿದ 2007ರ ವರದಿಯಲ್ಲಿ 48.4% ಹೆಣ್ಣುಮಕ್ಕಳು ನಾವು ಗಂಡಾಗಿ ಹುಟ್ಟಬೇಕಿತ್ತು ಅಂದಿದ್ದರು.

ಒಂದು ಎಚ್ಚರಿಕೆ. ಏಟು ತಿನ್ನದ ಅಣ್ಣ ತಂಗಿಯರು ನಿಮ್ಮ ಮಾತು ನಂಬದೇ ಇರಬಹುದು. ಅವರು ಬೆಳೆದದ್ದು ಅದೇ ಮನೆ, ಆದರೆ ಅವರಿಗೆ ಸಿಕ್ಕಿದ್ದು ಬೇರೆ ಅಮ್ಮ.

ಪಕ್ಕದ ಮನೆ ಮಕ್ಕಳಿಗೆ ಕರೆದು ಕೋಡುಬಳೆ ಕೊಡ್ತಿದ್ರು. ಅಷ್ಟು ಒಳ್ಳೆಯವರು ನನಗೆ ಮಾತ್ರ ಹಾಗೆ ಅಂದ್ರೆ ನಂದೇ ಏನೋ ತಪ್ಪಿರಬೇಕು ಅಲ್ವಾ?

ಇಲ್ಲ. ಪಕ್ಕದ ಮನೆ ಮಗು ತಟ್ಟೆ ಬೀಳಿಸಿದರೆ ಅದರಿಂದ ಇವರ ಮಾನ ಹೋಗುವುದಿಲ್ಲ. ನೀವು ಬೀಳಿಸಿದರೆ "ಮಗಳಿಗೆ ಏನು ಕಲಿಸಿದಾಳೆ" ಅಂತ ನಾಲ್ಕು ಜನ ಕೇಳುತ್ತಾರೆ ಅನ್ನುವ ಭಯ. ಇಂಥ ತಾಯಿಗೆ ತನ್ನ ಮಗು ಬೇರೆ ಜೀವ ಅಂತ ಅನಿಸುವುದೇ ಇಲ್ಲ, ತನ್ನದೇ ಕೈಕಾಲು ಇದ್ದ ಹಾಗೆ. ಮಾತು ಕೇಳದ ಕೈಗೆ ಹೊಡೆದುಕೊಂಡ ಹಾಗೆ ನಿಮಗೆ ಹೊಡೆದರು. ಪಕ್ಕದ ಮನೆ ಮಗುವಿನ ಮುಂದೆ ಕೋಪ ತಡೆದುಕೊಳ್ಳಲು ಅವರಿಗೆ ಆಗುತ್ತಿತ್ತು ಅನ್ನುವುದನ್ನೂ ಮರೆಯಬೇಡಿ.

## ದೊಡ್ಡವರಾದ ಮೇಲೆ ಕೇಳುವುದು

"ನಾನು ಯಾವತ್ತೂ ಹಾಗೆ ಮಾಡೇ ಇಲ್ಲ" ಅಂತಾರೆ. ನಿಜವಾಗ್ಲೂ ಮರೆತಿದಾರಾ, ಸುಳ್ಳು ಹೇಳ್ತಿದಾರಾ?

ಕೆಲವರು ಸುಳ್ಳೇ ಹೇಳುತ್ತಾರೆ. ಆದರೆ ಮರೆತವರೂ ಇದ್ದಾರೆ, ಅದು ಇನ್ನೂ ಕಷ್ಟ.

ಮೂರು ವರ್ಷದ ಹಿಂದೆ ಅಮ್ಮ ನನ್ನ ಮನೆಗೆ ಬಂದಿದ್ದಳು. ನಾನು ಕಾಲು ಚಾಚಿ ಕೂತಿದ್ದೆ, ನೈಟಿ ಸ್ವಲ್ಪ ಮೇಲೆ ಸರಿದಿತ್ತು. ಮೀನಖಂಡದ ಮೇಲಿನ ಗುರುತನ್ನು ಅವಳು ಬೆರಳಲ್ಲಿ ಮುಟ್ಟಿ ನೋಡಿದಳು. "ಇದೇನೇ ಇದು, ಸೈಕಲ್ಲಿಂದ ಬಿದ್ದಿದ್ದಲ್ವಾ? ಇನ್ನೂ ಹೋಗಿಲ್ವಾ?" ಅಂದಳು. ಎದ್ದು ಹೋಗಿ ಕೊಬ್ಬರಿ ಎಣ್ಣೆ ತಂದು ಹಚ್ಚಿದಳು. ಅವಳ ಮುಖವನ್ನೇ ನೋಡಿದೆ, ನಾಟಕದ ಸುಳಿವಿರಲಿಲ್ಲ. ನನಗೆ ಏನೂ ಹೇಳಲಾಗಲಿಲ್ಲ.

1990ರಲ್ಲಿ ರಾಯ್ ಬೌಮೈಸ್ಟರ್ ಮತ್ತು ಜೊತೆಗಾರರು ಒಂದು ಸರಳ ಕೆಲಸ ಮಾಡಿದರು. ಒಬ್ಬರ ಕೈಯಲ್ಲೇ ಎರಡು ಕಥೆ ಬರೆಸಿದರು: ಬೇರೆಯವರು ನಿಮಗೆ ಸಿಟ್ಟು ಬರಿಸಿದ್ದು ಒಂದು, ನೀವು ಬೇರೆಯವರಿಗೆ ಸಿಟ್ಟು ಬರಿಸಿದ್ದು ಇನ್ನೊಂದು. ತಮಗೆ ನೋವಾದ ಕಥೆ ಬರೆಯುವಾಗ ಅದು ಹಿಂದಿನಿಂದ ಬಂದು ಇವತ್ತಿಗೂ ಮುಗಿಯದ ಕಥೆ. ತಾವೇ ಮಾಡಿದ್ದು ಬರೆಯುವಾಗ ಅದು ಅವತ್ತೊಂದು ದಿನದ ಮಾತು, ಅದಕ್ಕೆ ಕಾರಣವಿತ್ತು, ಮುಗಿದೂ ಹೋಯಿತು. ಸಾಮಾನ್ಯ ಜನ, ಸಾಮಾನ್ಯ ಜಗಳಗಳಲ್ಲೇ ಹೀಗೆ. ಇನ್ನು "ನಾನು ಒಳ್ಳೆಯ ತಾಯಿ" ಅನ್ನುವುದೊಂದನ್ನೇ ಹಿಡಿದು ಬದುಕಿದವರ ತಲೆಯಲ್ಲಿ ಸೌಟು ಸೈಕಲ್ ಆಗುವುದರಲ್ಲಿ ಆಶ್ಚರ್ಯ ಇಲ್ಲ. ಅವರಿಗೆ ಅದು ನೂರು ಕೆಲಸದ ನಡುವಿನ ಒಂದು ಸಂಜೆ. ನಿಮಗೆ ಅದು ನೀವು ಯಾರು ಅಂತ ಕಲಿಸಿದ ಸಂಜೆ.

ನಿಮಗೆ ನೆನಪಿರುವುದು ನಿಜವಾಗಲು ಅವರು ಹೂಂ ಅನ್ನಬೇಕಾಗಿಲ್ಲ. ನಾನು ಹತ್ತು ವರ್ಷ ಆ ಹೂಂಗೆ ಕಾದಿದ್ದೇನೆ, ಅದಕ್ಕೇ ಇಷ್ಟು ಜೋರಾಗಿ ಹೇಳುತ್ತಿದ್ದೇನೆ.

ಹಳೇದು ಎತ್ತಿದ ತಕ್ಷಣ ಅವರೇ ಅಳ್ತಾರೆ. "ಒಂಬತ್ತು ತಿಂಗಳು ಹೊತ್ತು ಹೆತ್ತಿದ್ದಕ್ಕೆ ಇದಾ ಬಹುಮಾನ" ಅಂತಾರೆ. ಕೊನೆಗೆ ನಾನೇ ಕಾಲಿಗೆ ಬೀಳ್ತೀನಿ.

ಮೊದಲು ಇಲ್ಲ ಅನ್ನುವುದು, ಆಮೇಲೆ ಕೇಳಿದವರ ಮೇಲೆ ಎರಗುವುದು, ಕೊನೆಗೆ ನೊಂದವರು ತಾವೇ ಅಂತ ಕೂರುವುದು. ಈ ಮೂರು ಹೆಜ್ಜೆಗೆ ಜೆನಿಫರ್ ಫ್ರೈಡ್ ಅನ್ನುವ ಮನಶ್ಶಾಸ್ತ್ರಜ್ಞೆ 1997ರಲ್ಲಿ "ಡಾರ್ವೋ" ಅಂತ ಹೆಸರಿಟ್ಟರು. ನಮ್ಮಲ್ಲಿ ಇದಕ್ಕೆ ಊರೇ ಕೈಜೋಡಿಸುತ್ತದೆ. ಕೆಟ್ಟ ಮಕ್ಕಳು ಹುಟ್ಟಬಹುದು, ಕೆಟ್ಟ ತಾಯಿ ಇರೋದಿಲ್ಲ ಅಂತ ದೊಡ್ಡಮ್ಮ ಚಿಕ್ಕಮ್ಮಂದಿರು ಹೇಳಿಬಿಡುತ್ತಾರೆ, ಅಲ್ಲಿಗೆ ಮಾತು ಮುಗಿಯಿತು.

ಆ ಅಳು ಸುಳ್ಳು ಅಂತ ನಾನು ಹೇಳುವುದಿಲ್ಲ. ಅವರಿಗೆ ನಿಜಕ್ಕೂ ನೋವಾಗಿದೆ. ಅವರ ಲೆಕ್ಕದಲ್ಲಿ ನೀವು ಈಗ ನೊಂದ ಮಗು ಅಲ್ಲ, ಕಟಕಟೆಗೆ ಎಳೆಯಲು ಬಂದ ವಕೀಲ. 1968ರಲ್ಲಿ ಅಮೆರಿಕದ ಡೆನ್ವರ್‌ನಲ್ಲಿ ಸ್ಟೀಲ್, ಪೊಲಾಕ್ ಅನ್ನುವ ಇಬ್ಬರು ಡಾಕ್ಟರು ಮಕ್ಕಳಿಗೆ ಹಿಂಸೆ ಕೊಟ್ಟ 60 ಕುಟುಂಬಗಳನ್ನು ಹತ್ತಿರದಿಂದ ನೋಡಿ ಬರೆದದ್ದು ನೆನಪಾಗುತ್ತದೆ. ಈ ಹೆತ್ತವರು ತಮಗೆ ಸಿಗದ ತಾಯಿಪ್ರೀತಿಯನ್ನು ತಮ್ಮ ಕೂಸಿನಿಂದಲೇ ಬಯಸುತ್ತಿದ್ದರು. ಕೂಸು ಅತ್ತರೆ "ಇದಕ್ಕೂ ನಾನು ಬೇಡ" ಅಂತ ತೆಗೆದುಕೊಳ್ಳುತ್ತಿದ್ದರು. ನೀವು ಕಾಲಿಗೆ ಬಿದ್ದು ಸಮಾಧಾನ ಮಾಡುವುದು ಆ ಹಳೆಯ ಡ್ಯೂಟಿಯೇ. ಒಂದು ಸಲ ಸಮಾಧಾನ ಮಾಡದೆ "ನಾನು ಸ್ವಲ್ಪ ಹೊರಗೆ ಹೋಗಿ ಬರ್ತೀನಿ" ಅಂತ ಎದ್ದು ನೋಡಿ.

ಅವರಮ್ಮನೂ ಅವರಿಗೆ ಹಾಗೇ ಹೊಡೀತಿದ್ರಂತೆ. ಅನುಭವಿಸಿದವರಿಗೆ ನೋವು ಗೊತ್ತಿರಬೇಕಲ್ವಾ?

ಏಟು ನೆನಪಿರುತ್ತದೆ, ನೋವು ನೆನಪಿರುವುದಿಲ್ಲ. 1975ರಲ್ಲಿ ಸೆಲ್ಮಾ ಫ್ರೈಬರ್ಗ್ ಮತ್ತು ಜೊತೆಗಾರರು ಎಳೆಗೂಸು ಇರುವ ಇಂಥ ತಾಯಂದಿರ ಬಗ್ಗೆ ಬರೆದದ್ದರ ಸಾರ ಇಷ್ಟೇ. "ನಮ್ಮಮ್ಮ ತೊಲೆಗೆ ಕಟ್ಟಿ ಹೊಡೀತಿದ್ಲು, ಅದಕ್ಕೇ ನಾನು ಹೀಗೆ ನೆಟ್ಟಗಿದೀನಿ" ಅಂತ ನಗುತ್ತಾ ಹೇಳುವ ಹೆಂಗಸರನ್ನು ನೀವು ನೋಡಿರುತ್ತೀರಿ. ಆ ನಗು ಇರುವವರೆಗೆ ಎದುರಿಗಿರುವ ಮಗುವಿನ ಅಳು ಕಿವಿಗೆ ಬೀಳುವುದಿಲ್ಲ, ಯಾಕೆಂದರೆ ಅದು ಕೇಳಿಸಿದರೆ ತನ್ನ ಅಳುವೂ ಕೇಳಿಸಬೇಕಾಗುತ್ತದೆ. ಆಗ ಎಷ್ಟು ಹೆದರಿದ್ದೆ, ಎಷ್ಟು ಒಂಟಿಯಾಗಿದ್ದೆ ಅಂತ ನೆನೆದು ಅತ್ತವರು ಮಾತ್ರ ತಮ್ಮ ಮಗುವಿನ ಮೇಲೆ ಎತ್ತಿದ ಕೈ ಇಳಿಸಿದರು.

ಬಾಣಂತನದಲ್ಲಿ ಅವರಿಗೆ ತಲೆ ಸರಿ ಇರಲಿಲ್ಲ ಅಂತ ಅಜ್ಜಿ ಹೇಳ್ತಾರೆ. ಹಾಗಾದ್ರೆ ಇದು ಕಾಯಿಲೆಯಾ?

ಇರಬಹುದು. ಹಳ್ಳಿ ಕಡೆ ಬಾಣಂತಿ ಸನ್ನಿ ಅನ್ನುತ್ತಾರಲ್ಲ, ಅದರಲ್ಲಿ ತಾಯಿಗೆ ಕೂಸು ತನ್ನದಲ್ಲ, ಯಾರೋ ಬದಲಾಯಿಸಿದ್ದಾರೆ, ಅದರೊಳಗೆ ಏನೋ ಸೇರಿಕೊಂಡಿದೆ ಅಂತೆಲ್ಲ ಅನಿಸಬಹುದು. ಅದು ತುರ್ತಾಗಿ ಆಸ್ಪತ್ರೆಗೆ ಹೋಗಬೇಕಾದ ಕಾಯಿಲೆ, ಚಿಕಿತ್ಸೆಯಿಂದ ವಾಸಿಯಾಗುತ್ತದೆ. ಬೆಂಗಳೂರಿನ ನಿಮ್ಹಾನ್ಸ್‌ನಲ್ಲಿ 2009ರಿಂದ ತಾಯಿ ಮಗು ಒಟ್ಟಿಗೇ ಇರುವ ವಾರ್ಡ್ ಇದೆ. ಹೆರಿಗೆ ನಂತರದ ಖಿನ್ನತೆ ಬೇರೆ, ಅದು ಇದಕ್ಕಿಂತ ತುಂಬಾ ಜಾಸ್ತಿ ಜನಕ್ಕೆ ಬರುತ್ತದೆ. ಖಿನ್ನತೆ ಬಂದ ಬಹುಪಾಲು ತಾಯಂದಿರು ಮಕ್ಕಳಿಗೆ ಹಿಂಸೆ ಕೊಡುವುದಿಲ್ಲ. ಹತ್ತು ಹನ್ನೆರಡು ವರ್ಷ ನಡೆದ ಹೊಡೆತವನ್ನೆಲ್ಲ ಬಾಣಂತನದ ತಲೆಗೆ ಕಟ್ಟಬೇಡಿ.

ಅವರು ನನ್ನನ್ನ ಪ್ರೀತಿಸ್ತಿದ್ರಾ ಇಲ್ವಾ?

ಬಹುಶಃ ಹೌದು, ಅವರಿಗೆ ಬರುತ್ತಿದ್ದ ಹಾಗೆ. ಹೆತ್ತವರಿಗೆ ಹೆಗ್ಗಣ ಮುದ್ದು ಅನ್ನುತ್ತಾರೆ. ಅವರ ಮನಸ್ಸಿನಲ್ಲೂ ಒಂದು ಮುದ್ದಾದ ಮಗು ಇದ್ದಿರಬಹುದು, ಮಲಗಿದಾಗ, ಜ್ವರ ಬಂದಾಗ, ರ‍್ಯಾಂಕ್ ಬಂದಾಗ ಮಾತ್ರ ಅದು ನೀವೇ ಅಂತ ಅವರಿಗೆ ಕಾಣುತ್ತಿತ್ತು. ಉಳಿದ ಹೊತ್ತಿನಲ್ಲಿ ಅದು ನೀವಾಗಿರಲಿಲ್ಲ. ಪ್ರೀತಿ ಇತ್ತು ಅಂತ ಒಪ್ಪಿಕೊಂಡರೆ ಹೊಡೆದದ್ದನ್ನೂ ಒಪ್ಪಿಕೊಳ್ಳಬೇಕು ಅಂತೇನಿಲ್ಲ.

## ಕೊನೆಯಲ್ಲಿ, ದನಿ ತಗ್ಗಿಸಿ ಕೇಳುವುದು

ಈಗ ತುಂಬಾ ಮೆತ್ತಗಾಗಿದಾರೆ. ನನ್ನ ಮಗನನ್ನ ಮಡಿಲಲ್ಲಿ ಕೂರಿಸ್ಕೊಂಡು ಕಥೆ ಹೇಳ್ತಾರೆ. ಅದನ್ನ ನೋಡಿದ್ರೆ ಖುಷಿ ಆಗಲ್ಲ, ಹೊಟ್ಟೆ ಉರಿಯುತ್ತೆ. ನಾನು ಕೆಟ್ಟವಳಾ?

ಅಲ್ಲ. ನಿಮಗೆ ಸಿಗಬೇಕಿದ್ದದ್ದು ನಿಮ್ಮ ಕಣ್ಣೆದುರೇ ಇನ್ನೊಬ್ಬರ ಪಾಲಾಗುತ್ತಿದೆ. ಮೊಮ್ಮಗ ಅವರಿಗೆ ಯಾವ ಪರೀಕ್ಷೆಯೂ ಅಲ್ಲ. ಅವನು ಹೇಗೆ ಬೆಳೆದರೂ ಜನ ಕೇಳುವುದು ನಿಮ್ಮನ್ನು. ಅತ್ತೆ ಈಗಿಲ್ಲ, ಕೆಲಸದ ಹೊರೆ ಇಲ್ಲ. ಎಷ್ಟೋ ಸಲ ಆ ಮಡಿಲು ಅವರು ನಿಮಗೆ ಹೇಳಲಾಗದ ಮಾತಿನ ಜಾಗದಲ್ಲಿರುತ್ತದೆ, ಆದರೆ ಅದನ್ನು ಕ್ಷಮೆ ಅಂತ ನೀವು ಲೆಕ್ಕ ಹಾಕಬೇಕಿಲ್ಲ. ಕೋಪ ಬಂದಾಗ ಅವರು ಮಗನ ಜೊತೆ ಹೇಗಿರುತ್ತಾರೆ ಅಂತ ನೋಡುವವರೆಗೂ ಅವನನ್ನು ಅವರೊಬ್ಬರ ಹತ್ತಿರ ದಿನಗಟ್ಟಲೆ ಬಿಡಬೇಡಿ.

ನಾನು ಮಾತು ಬಿಟ್ಟಿದೀನಿ. ವಯಸ್ಸಾದ ಮೇಲೆ ನೋಡ್ಕೊಳ್ಳಲೇಬೇಕು ಅಂತ ಕಾನೂನಿದೆಯಾ?

ಇದೆ. 2007ರ ಹೆತ್ತವರ ಮತ್ತು ಹಿರಿಯ ನಾಗರಿಕರ ಕಾಯ್ದೆಯ ಪ್ರಕಾರ ತಮ್ಮ ಆದಾಯ, ಆಸ್ತಿಯಿಂದ ಬದುಕಲಾಗದ ತಾಯಿ ಜೀವನಾಂಶ ಕೇಳಬಹುದು. ನಮ್ಮ ರಾಜ್ಯದಲ್ಲಿ ಅರ್ಜಿ ಹೋಗುವುದು ಉಪವಿಭಾಗಾಧಿಕಾರಿಯ ಮುಂದೆ. ಕಾಯ್ದೆಯಲ್ಲಿ ಬರೆದ ಮಿತಿ ತಿಂಗಳಿಗೆ 10,000 ರೂಪಾಯಿ. ನನಗೆ ತಿಳಿದ ಇಬ್ಬರು ಪ್ರತಿ ತಿಂಗಳು ದುಡ್ಡು ಕಳಿಸುತ್ತಾರೆ, ಫೋನ್ ಎತ್ತುವುದಿಲ್ಲ. ಕಾನೂನು ಕೇಳುವುದು ದುಡ್ಡನ್ನು. ಮಾತಾಡು, ಹಬ್ಬಕ್ಕೆ ಕರೆ ಅಂತ ಅದು ಹೇಳುವುದಿಲ್ಲ.

ನಿನ್ನೆ ನನ್ನ ಮಗಳಿಗೆ ಹೊಡೆದೆ. ಅವಳು ನೋಡಿದ ರೀತಿ, ನಾನು ನಮ್ಮಮ್ಮನ್ನ ನೋಡ್ತಿದ್ದ ಹಾಗೇ ಇತ್ತು. ನಾನೂ ಅವರ ಥರಾನೇ ಆಗ್ತೀನಾ?

ಆ ನೋಟವನ್ನು ನೀವು ಕಂಡಿರಿ. ನಿಮ್ಮಮ್ಮ ಕಾಣದೆ ಹೋದದ್ದು ಅದನ್ನೇ.

1987ರಲ್ಲಿ ಜೋನ್ ಕಾಫ್‌ಮನ್ ಮತ್ತು ಎಡ್ವರ್ಡ್ ಝಿಗ್ಲರ್ ಅಲ್ಲಿಯವರೆಗಿನ ಅಧ್ಯಯನಗಳನ್ನೆಲ್ಲ ತೂಗಿ ನೋಡಿದರು. ಹಿಂಸೆ ಉಂಡವರಲ್ಲಿ ತಮ್ಮ ಮಕ್ಕಳಿಗೂ ಅದನ್ನೇ ಮಾಡುವವರು ಸುಮಾರು 30% ಅಂತ ಅವರ ಅಂದಾಜು. ಹೆಚ್ಚಿನವರು ಮಾಡುವುದಿಲ್ಲ. ಮರುವರ್ಷ ಮಿನೆಸೋಟದಲ್ಲಿ ಬೈರನ್ ಎಗ್ಲಂಡ್ ತಂಡ ಈ ಸರಪಳಿ ಕಡಿದ ತಾಯಂದಿರನ್ನು ನೋಡಿತು. ಅವರಿಗೆ ಚಿಕ್ಕಂದಿನಲ್ಲಿ ಆಸರೆಯಾದ ಒಬ್ಬ ದೊಡ್ಡವರಿದ್ದರು, ಅಜ್ಜಿಯೋ ಟೀಚರೋ. ಯಾವಾಗಲಾದರೂ ಆಪ್ತ ಸಲಹೆ ಪಡೆದಿದ್ದರು. ಇಲ್ಲವೇ ಜೊತೆಗೆ ನಿಲ್ಲುವ ಗಂಡ ಇದ್ದ. ಮೊದಲನೆಯದು ಈಗ ನಮ್ಮ ಕೈಯಲ್ಲಿಲ್ಲ. ಎರಡನೆಯದು ಇದೆ: 14416ಕ್ಕೆ ಫೋನ್ ಮಾಡಿ. ಸರ್ಕಾರದ ಟೆಲಿ-ಮಾನಸ್, 2022ರಿಂದ ನಡೆಯುತ್ತಿದೆ. ಕನ್ನಡದಲ್ಲೇ ಮಾತಾಡಬಹುದು, ದುಡ್ಡಿಲ್ಲ.

ಇವತ್ತೇ ಮಗಳ ಹತ್ತಿರ ಕೂತು ಹೇಳಿ: "ನಿನ್ನೆ ಹೊಡೆದದ್ದು ನನ್ನ ತಪ್ಪು. ನೀನು ಹೋಂವರ್ಕ್ ಮಾಡದೇ ಇದ್ದದ್ದಕ್ಕೂ ಅದಕ್ಕೂ ಸಂಬಂಧ ಇಲ್ಲ." ಚಿಕ್ಕ ಮಕ್ಕಳಿಗೆ ಇದು ಅರ್ಥ ಆಗಲ್ಲ ಅಂತಾರೆ. ಆಗುತ್ತದೆ.

ಪಕ್ಕದ ಮನೇಲಿ ದಿನಾ ಮಗು ಕಿರುಚುತ್ತೆ. ಅದರ ತಾಯಿನ ಕೇಳಿದ್ರೆ "ನನ್ನ ಮಗು, ನನ್ನಿಷ್ಟ" ಅಂತಾಳೆ.

1098ಕ್ಕೆ ಫೋನ್ ಮಾಡಿ, ಮಕ್ಕಳ ಸಹಾಯವಾಣಿ. ಕಾಯಬೇಡಿ. ಸಂಜೆ ಆ ಮಗುವನ್ನು ನಿಮ್ಮ ಮನೆಗೆ ಆಡಲು ಕರೆಯಿರಿ. ಎಗ್ಲಂಡ್ ಹೇಳಿದ ಆ ಒಬ್ಬ ದೊಡ್ಡವರು ನೀವೇ ಆಗಬಹುದು. ನನಗೆ ಅಂಥವರೊಬ್ಬರಿದ್ದರು, ಎದುರು ಮನೆಯ ಆಂಟಿ. ಏನೂ ಕೇಳುತ್ತಿರಲಿಲ್ಲ, ಮಜ್ಜಿಗೆ ಕೊಟ್ಟು ಫ್ಯಾನ್ ಹಾಕಿ ಕೂರಿಸುತ್ತಿದ್ದರು.

ನಾನೇ ಆ ತಾಯಿ. ಮಗ ಬೆಂಗಳೂರಲ್ಲಿದಾನೆ, ಆರು ವರ್ಷದಿಂದ ಮಾತಿಲ್ಲ. ನಾನೇನು ಮಾಡಿದೆ ಅಂತ ಈಗ ಕಾಣ್ತಿದೆ. ಈಗ ಏನು ಮಾಡ್ಲಿ?

ಈ ಪ್ರಶ್ನೆ ಒಂದೇ ಒಂದು ಸಲ ಬಂದಿದೆ, ಇನ್‌ಲ್ಯಾಂಡ್ ಲೆಟರಿನಲ್ಲಿ. ಅಮ್ಮಾ, ನಿಮಗೆ ಬರೆದ ಉತ್ತರವನ್ನೇ ಇಲ್ಲೂ ಹಾಕುತ್ತೇನೆ.

ಅವನಿಗೆ ಪತ್ರ ಬರೆಯಿರಿ, ಫೋನ್ ಬೇಡ. ಪತ್ರವಾದರೆ ಅವನು ಬೇಕಾದಾಗ ತೆರೆಯಬಹುದು. "ಏನಾದರೂ ತಪ್ಪಾಗಿದ್ರೆ ಕ್ಷಮಿಸು" ಅಂತ ಬರೆಯಬೇಡಿ, ಏನಾಯಿತು ಅಂತ ಬರೆಯಿರಿ. ನಿಮ್ಮ ಕಾಗದದಲ್ಲಿ ನನಗೆ ಹೇಳಿದ್ದನ್ನೇ ಅವನಿಗೂ ಹೇಳಿ: ಅವನಿಗೆ ಒಂಬತ್ತು ವರ್ಷ, ಮಳೆ ಬರುತ್ತಿತ್ತು, ನೀವು ಬಾಗಿಲು ಹಾಕಿಕೊಂಡಿರಿ, ಅವನು ಬಾಗಿಲು ಬಡಿಯುವುದು ನಿಮಗೆ ಕೇಳಿಸುತ್ತಿತ್ತು. ಅವನ ತಪ್ಪಿರಲಿಲ್ಲ ಅಂತ ಬರೆಯಿರಿ. ಅಪ್ಪ ಕುಡಿಯುತ್ತಿದ್ದರು, ನಿಮಗೂ ಕಷ್ಟವಿತ್ತು ಅನ್ನುವುದು ನಿಜವೇ. ಈ ಪತ್ರದಲ್ಲಿ ಅದು ಬೇಡ. "ಆದರೆ" ಅನ್ನುವ ಪದ ಎಲ್ಲಾದರೂ ಬಂದಿದ್ದರೆ ಆ ಸಾಲನ್ನೇ ಹೊಡೆದುಹಾಕಿ. ಹುಷಾರಿಲ್ಲ, ಸಾಯೋದ್ರೊಳಗೆ ಮುಖ ತೋರಿಸು ಅಂತ ಕೊನೆಗೆ ಸೇರಿಸಬೇಡಿ.

ಉತ್ತರ ಬರದೇ ಇರಬಹುದು. ಆಗ ಯಾಕೆ ಬರೆಯಲಿಲ್ಲ ಅಂತ ಕೇಳಲು ಎರಡನೇ ಪತ್ರ ಹಾಕಬೇಡಿ. ನನ್ನ ಅಮ್ಮನಿಂದ ಅಂಥದ್ದೊಂದು ಬಂದಿದ್ದರೆ ನಾನೂ ತುಂಬಾ ದಿನ ಉತ್ತರ ಬರೆಯುತ್ತಿರಲಿಲ್ಲ. ಬೀರುವಿನಲ್ಲಿ ಸೀರೆಗಳ ಕೆಳಗೆ ಇಟ್ಟುಕೊಂಡು, ಮನೆಯಲ್ಲಿ ಯಾರೂ ಇಲ್ಲದಾಗ ತೆಗೆದು ಓದುತ್ತಿದ್ದೆ.